ಮುತ್ಯಾನ ಬಿಲ್ಲೆ

ಗುರುಬಸಪ್ಪ ಚೆನ್ನೈನ ಎಗ್ಮೋರಿನಲ್ಲಿ ಆಟೋದಿಂದ ಇಳಿಯುವ ಹೊತ್ತಿಗೆ ಸಾಕಾಗಿ ಹೋಗಿದ್ದ. ಪೆರಂಬೂರಿನಿಂದ ಇಲ್ಲಿಯವರೆಗೂ ಆಟೋದವನ ಜೊತೆ ಒಂದು ಜಗಳ, ಮೆಟ್ರೋ ಕೆಲಸಕ್ಕೆಂದು ಅಗೆದಿಟ್ಟ ರಸ್ತೆಯ ಜೊತೆ ಒಂದು ಜಗಳ, ಪಕ್ಕದಲ್ಲಿ ಕೂತ ಹೆಂಡತಿ ಜಗದೇವಿಯ ಜೊತೆ ಬಾಯಿಯೇ ತೆರೆಯದ ಇನ್ನೊಂದು ಜಗಳ. ವಯಸ್ಸು ಅರವತ್ತರ ಹತ್ತಿರ ಬಂದ ಮೇಲೆ ಸಿಟ್ಟು ಬಂದರೆ ಮೊದಲಿನಂತೆ ಮೈಗೆ ಬಲ ಬರುತ್ತಿರಲಿಲ್ಲ. ದಣಿವಾಗುತ್ತಿತ್ತು, ಅಷ್ಟೆ.

"ಬಿಲ್ಲೆ ಐತಿಲ್ಲ?" ಎಂದು ಕೇಳಿದ.

ಜಗದೇವಿ ಸೆರಗಿನ ಗಂಟು ಮುಟ್ಟಿ ತೋರಿಸಿದಳು. "ನಿಮ್ಮ ಕಿಸೆದಾಗ ಇದ್ದಿದ್ರ ಕೇಳಬೇಕಾಗಿತ್ತು."

ಆ ಗಂಟಿನಲ್ಲಿದ್ದದ್ದು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಬೆಳ್ಳಿಯ ನಾಣ್ಯ. ಮನೆಯಲ್ಲಿ ಅದಕ್ಕೆ ಮುತ್ಯಾನ ಬಿಲ್ಲೆ ಎಂದು ಹೆಸರು. ಗುರುಬಸಪ್ಪನ ಅವ್ವನ ಅಜ್ಜನಿಗೆ ಹಾನಗಲ್ ಕಡೆಯ ಹೊಲದಲ್ಲಿ ಬಾವಿ ತೋಡುವಾಗ ಸಿಕ್ಕಿತ್ತಂತೆ. ಒಂದು ಬದಿಗೆ ತಲೆಗೆ ಎಲೆಯ ದಂಡೆ ಕಟ್ಟಿಕೊಂಡ ಗಂಡಸಿನ ಮುಖ. ಇನ್ನೊಂದು ಬದಿಗೆ ನಿಂತ ಇಬ್ಬರು. ಮುಖ ಯಾವುದೋ ಹಳೆಯ ಮಠದ ಮುತ್ಯಾನದು, ಹಿಂದಿನ ಇಬ್ಬರು ನಂದಿಕೋಲು ಹಿಡಿದು ಸಮಾಳ ಬಾರಿಸುವ ಜಂಗಮರು ಎಂದು ಅವ್ವ ಹೇಳುತ್ತಿದ್ದಳು. ಮುತ್ಯಾನ ಕೊರಳಲ್ಲಿ ಲಿಂಗ ಯಾಕೆ ಕಾಣುವುದಿಲ್ಲ ಎಂದು ಸಣ್ಣವನಿದ್ದಾಗ ಕೇಳಿ ಗುರುಬಸಪ್ಪ ಬೆನ್ನಿಗೆ ಗುದ್ದು ತಿಂದಿದ್ದ.

ಒಂದೇ ಬಿಲ್ಲೆಯಾಗಿದ್ದರೆ ಈ ಬಿಸಿಲಿನಲ್ಲಿ ಇಲ್ಲಿಗೆ ಬರುವ ಕರ್ಮ ಇರಲಿಲ್ಲ. ಎರಡಿದ್ದವು. ಗುರುಬಸಪ್ಪನ ಮದುವೆ ಗೊತ್ತಾದಾಗ ಅವ್ವ ಊರಿನ ಅಕ್ಕಸಾಲಿಗನ ಹತ್ತಿರ ಬಿಲ್ಲೆಯನ್ನು ಮಣ್ಣಿನ ಅಚ್ಚಿಗೆ ಒತ್ತಿಸಿ, ಬೆಳ್ಳಿ ಎರಕ ಹೊಯ್ಯಿಸಿ, ಥೇಟ್ ಅಂಥದ್ದೇ ಇನ್ನೊಂದು ಮಾಡಿಸಿದ್ದಳು. ಒಂದನ್ನು ತನ್ನ ಕೊರಳಿನ ಗುಂಡಗಡಿಗೆಯಲ್ಲಿ, ಇಷ್ಟಲಿಂಗದ ಅಡಿಗೆ, ಬಟ್ಟೆ ಸುತ್ತಿ ಇಟ್ಟುಕೊಂಡಳು. ಇನ್ನೊಂದನ್ನು ಸೊಸೆಯಾಗಿ ಬಂದ ಜಗದೇವಿಯ ಕೈಗೆ ಕೊಟ್ಟಳು. ಯಾವುದು ಅಸಲಿ, ಯಾವುದು ನಕಲಿ ಎಂದು ಯಾರೂ ಕೇಳಲಿಲ್ಲ. ಕೇಳುವುದೇನಿತ್ತು? ಯಾವ ಅತ್ತೆ ಅಸಲಿಯನ್ನು ಸೊಸೆಗೆ ಕೊಟ್ಟಾಳು? ಜಗದೇವಿ ತನ್ನದನ್ನು ಕುಂಕುಮದ ಭರಣಿಯಲ್ಲಿ ಹಾಕಿಟ್ಟಳು. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೆಲ್ಲ, "ನನಗ ನಕಲಿ ಕೊಟ್ಟಾಕಿ ನಿಮ್ಮವ್ವ" ಎಂದು ಗಂಡನನ್ನು ಚುಚ್ಚುತ್ತ ಬಂದಳು.

ಹೋದ ವರ್ಷ ಅವ್ವ ಪೋರೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅದಕ್ಕೆ ಮುಂಚೆ, ಮಾತು ಇನ್ನೂ ಸರಿಯಿದ್ದಾಗ, "ನನ್ನ ಬಿಲ್ಲೆ ನನ್ನ ಕೈಯಾಗ ಇಟ್ಟು ಕಳಸ್ರಿ" ಎಂದಿದ್ದಳು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟು, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಲಿಂಗದ ಜೊತೆ ಬಿಲ್ಲೆ ಇಡುವುದೇನು ಕಷ್ಟದ ಕೆಲಸವಾಗಿರಲಿಲ್ಲ.

ಕಷ್ಟ ಮಾಡಿಕೊಂಡವರು ಇವರೇ. ಮನೆಯಲ್ಲಿ ಯಾರಾದರೂ ಹೋದರೆ ಮಣ್ಣಿಗೆ ಒಯ್ಯುವ ಮೊದಲು ಮನೆಯ ಬೆಳ್ಳಿಯನ್ನೆಲ್ಲ ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕಿ ತೊಳೆಯುವುದು ಅವ್ವನ ತವರಿನ ಪದ್ಧತಿ. ಅವ್ವನೇ ಸೊಸೆಗೆ ಕಲಿಸಿದ್ದು. ಜಗದೇವಿ ವಾರಗಟ್ಟಲೆ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಎದ್ದವಳು, ಆವತ್ತು ನಿದ್ದೆಗಣ್ಣಿನಲ್ಲೇ ಗುಂಡಗಡಿಗೆಯಲ್ಲಿದ್ದ ಬಿಲ್ಲೆಯನ್ನೂ ಭರಣಿಯಲ್ಲಿದ್ದ ಬಿಲ್ಲೆಯನ್ನೂ ಒಟ್ಟಿಗೇ ತಿಕ್ಕಿ ಒಂದೇ ಹಿತ್ತಾಳೆ ತಟ್ಟೆಗೆ ಹಾಕಿದಳು. ಎರಡೂ ಹೊಸ ನಾಣ್ಯದಂತೆ ಫಳಫಳ ಹೊಳೆಯುತ್ತಿದ್ದವು. ಯಾವುದು ಯಾವುದೆಂದು ಅವಳಿಗೂ ಗೊತ್ತಾಗಲಿಲ್ಲ. ಸ್ವಾಮಿಗಳು ಹೊತ್ತಾಯಿತು ಎಂದು ಅವಸರ ಮಾಡುತ್ತಿದ್ದರು. ಗುರುಬಸಪ್ಪ ಕೈಗೆ ಬಂದದ್ದನ್ನು ತೆಗೆದುಕೊಂಡು ಅವ್ವನ ಅಂಗೈಯಲ್ಲಿ ಇಟ್ಟ.

ತಂಗಿ ಭವಾನಿ ಹಾವೇರಿಯಿಂದ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಟ್ಟೆಯಲ್ಲಿ ಉಳಿದ ಬಿಲ್ಲೆಯನ್ನು ಎತ್ತಿ ನೋಡಿದವಳೇ, "ಇದು ಅಸಲಿ. ನಕಲಿ ಕೊಟ್ಟು ಅವ್ವನ್ನ ಕಳಿಸಿದಿ, ಅಸಲಿ ಇಟಗೊಂಡಿ" ಎಂದಳು. ಬಂದವರೆಲ್ಲರ ಎದುರಿಗೇ. ಗುರುಬಸಪ್ಪನೂ ಬಾಯಿಗೆ ಬಂದದ್ದು ಅಂದ. ಅವತ್ತಿನಿಂದ ಆ ಬಿಲ್ಲೆಯನ್ನು ಯಾರೂ ಮುಟ್ಟಲಿಲ್ಲ. ಜಗದೇವಿ ಅದನ್ನು ಭರಣಿಗೂ ಹಾಕದೆ ಕಾಗದದಲ್ಲಿ ಸುತ್ತಿ ಬೀರುವಿನ ಮೂಲೆಗೆ ತಳ್ಳಿದಳು. ಈಗ ವರ್ಷದ ಸ್ಮರಣೆ ಹತ್ತಿರ ಬಂದಿತ್ತು. ಬಾ ಎಂದು ಫೋನು ಮಾಡಿದರೆ ಭವಾನಿ, "ಅವ್ವನ ಕೈಯಾಗ ಯಾವುದು ಇಟ್ಟಿ ಅನ್ನೂದು ಹೇಳು, ಆಮ್ಯಾಲೆ ಕರಿ" ಎಂದು ಇಟ್ಟುಬಿಟ್ಟಿದ್ದಳು.

ಹೀಗಾಗಿ ಈ ಪ್ರಯಾಣ. ನಾಣ್ಯ ಬಲ್ಲವರಿಗೆ ತೋರಿಸುತ್ತೇನೆಂದು ಭವಾನಿಗೂ ತಿಳಿಸಿದ್ದ. ಮಗಳು ಶಿಲ್ಪಶ್ರೀ ಬಿಲ್ಲೆಯ ಫೋಟೋ ತೆಗೆದು ಎಲ್ಲೆಲ್ಲೋ ಹುಡುಕಿ, "ರೋಮನ್ ಕಾಯಿನ್ ಮಾದಿರಿ ಇರುಕ್ಕು ಪಾ, ಎಗ್ಮೋರ್‌ಲ ಒರು ಅಂಕಲ್ ಇರುಕ್ಕಾರ್, ಕನ್ನಡಕ್ಕಾರರ್‌ದಾನ್" ಎಂದು, ಎಗ್ಮೋರಿನಲ್ಲಿ ನಾಣ್ಯ ನೋಡಿ ಹೇಳುವ ಕನ್ನಡದವರೊಬ್ಬರಿದ್ದಾರೆಂದು ತಮಿಳಿನಲ್ಲಿ ಹೇಳಿದ್ದಳು. ಹೊರಡುವಾಗ ಜಗದೇವಿ ಮತ್ತೆ ಹುಣಸೆಹಣ್ಣು ಹಿಡಿದು ನಿಂತಿದ್ದನ್ನು ನೋಡಿ, "ಅಮ್ಮಾ, ತೊಡಾದೇ! ಡೋಂಟ್ ಕ್ಲೀನ್ ಇಟ್!" ಎಂದು ಕಿರುಚಿದ್ದಳು.

ಆ ಅಂಕಲ್ಲಿನ ಹೆಸರು ಮಧ್ವರಾಜ. ವಿಮಾ ಕಂಪನಿಯಿಂದ ನಿವೃತ್ತ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಮನೆತನ. ಮ್ಯೂಸಿಯಮ್ಮಿನ ಹಿಂದಿನ ಬೀದಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೇಲ್ಮಹಡಿ. ಮೆಟ್ಟಿಲು ಹತ್ತಿ ಗುರುಬಸಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ.

"ವಾಂಗೋ, ವಾಂಗೋ, ಬನ್ನಿ ಸಾರ್. ಚಪ್ಪಲಿ ಒಳಗೇ ಬಿಟ್ಟುಡಿ, ಹೊರಗಿಟ್ರೆ ನಾಯಿ ತೂಕ್ಕೊಂಡು ಓಡಿಹೋಗತ್ತೆ. ಕಾಪಿ ಸಾಪಿಡ್ತೀರಾ?"

"ಏನೂ ಬ್ಯಾಡ್ರಿ. ಇದೊಂದು ನೋಡಿ ಹೇಳಿಬಿಡ್ರಿ, ಹೋಗ್ತೀವಿ."

ಜಗದೇವಿ ಗಂಟು ಬಿಚ್ಚಿದಳು. ಮಧ್ವರಾಜ ಕಿಟಕಿಯ ಪಕ್ಕದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ಬೆಳಕಿಗೆ ತಿರುಗಿಸಿದ. ಅವನ ಮುಖ ಬಾಡಿತು.

"ಏನಾದ್ರೂ ಹಾಕಿ ತಿಕ್ಕಿದೀರಾಮ್ಮಾ?"

"ವಿಭೂತಿ, ಹುಣಸಿಹಣ್ಣು."

"ಕೃಷ್ಣಾ! ಮೇಲಿನ ಕಪ್ಪೆಲ್ಲಾ ಪೋಚ್ಚು, ಹೋಯ್ತು. ಆ ಕಪ್ಪು ಅದರ ಚರ್ಮ ಅಮ್ಮಾ. ಸುಲಿದಿಟ್ಟಿದೀರಲ್ಲ."

"ದೇವರ ಸಾಮಾನು ಕರ್ರಗ ಇಟಗೋತಾರೇನ್ರಿ ಯಾರಾರ?" ಎಂದಳು ಜಗದೇವಿ.

ಮಧ್ವರಾಜ ಸಣ್ಣ ತಕ್ಕಡಿಯಲ್ಲಿ ತೂಗಿದ, ಅಡ್ಡಳತೆ ನೋಡಿದ, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಮುಖದ ಸುತ್ತಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. ಗುರುಬಸಪ್ಪನಿಗೆ ಅವು ಇಂಗ್ಲಿಷಿನ ದೊಡ್ಡ ಅಕ್ಷರಗಳಂತೆಯೇ ಕಾಣುತ್ತಿದ್ದವು, ಆದರೆ ಓದಿದರೆ ಯಾವ ಮಾತೂ ಆಗುತ್ತಿರಲಿಲ್ಲ.

"ಸೀಸರ್... ಅಗಸ್ಟಸ್... ಇಲ್ಲಿ ತೇದುಹೋಗಿದೆ, ಪರವಾಗಿಲ್ಲ. ರೋಮಿನ ಚಕ್ರವರ್ತಿ ಸಾರ್ ಇವನು. ಎರಡು ಸಾವಿರ ವರ್ಷದ ಮಾತು. ಇವರ ಹಡಗು ನಮ್ಮ ತೀರಕ್ಕೆ ಬರ್ತಿತ್ತು, ಮೆಣಸು, ಮುತ್ತು ತೊಗೊಂಡು ಬೆಳ್ಳಿ ಕೊಟ್ಟು ಹೋಗೋರು. ನಮ್ಮ ದಕ್ಷಿಣದಲ್ಲಿ ಈ ಟೈಪೇ ಜಾಸ್ತಿ ಸಿಗೋದು."

"ಮುತ್ಯಾ ಅಲ್ಲೇನ್ರಿ ಹಂಗಾರ?" ಎಂದಳು ಜಗದೇವಿ. ಅವಳ ದನಿ ಕುಗ್ಗಿತು.

"ಯಾರು?"

"ಏನಿಲ್ಲ, ಮುಂದ ಹೇಳ್ರಿ" ಎಂದ ಗುರುಬಸಪ್ಪ.

ಮಧ್ವರಾಜ ನಾಣ್ಯ ಮಗುಚಿದ. "ಈ ಇಬ್ಬರು ಮೊಮ್ಮಕ್ಕಳು. ದತ್ತು ತೊಗೊಂಡಿದ್ದ. ಮುಂದೆ ರಾಜ್ಯ ಇವರದ್ದೇ ಅಂತ ಊರಿಗೆಲ್ಲಾ ತಿಳೀಲಿ ಅಂತ ನಾಣ್ಯ ಹೊಡೆಸಿದ. ನಡುವೆ ಇರೋದು ಗುರಾಣಿ ಎರಡು, ಭರ್ಜಿ ಎರಡು. ಮೇಲೆ ನೋಡಿ, ಸಣ್ಣದಾಗಿ, ಇದು ಅವರ ಪೂಜೆ ಸೌಟು. ಇದು ಪುರೋಹಿತರು ಹಿಡಿಯೋ ಸೊಟ್ಟ ಕೋಲು."

ನಂದಿಕೋಲು ಹೋಯಿತು, ಸಮಾಳವೂ ಹೋಯಿತು. "ಸೌಟು ಐತಿ ಅಂದ್ರ ದಾಸೋಹ ಆದ್ರೂ ಇತ್ತು" ಎಂದು ಜಗದೇವಿ ತನ್ನಷ್ಟಕ್ಕೆ ಅಂದುಕೊಂಡಳು.

"ಮೊಮ್ಮಕ್ಕಳು ಆಳಿದ್ರೇನು?" ಎಂದು ಗುರುಬಸಪ್ಪ ಕೇಳಿದ. ಅವನಿಗೆ ಬೇಕಾದ ಪ್ರಶ್ನೆ ಅದಲ್ಲ. ಬೇಕಾದದ್ದನ್ನು ಕೇಳಲು ಹೆದರಿಕೆಯಾಗುತ್ತಿತ್ತು.

"ಎಲ್ಲಿ? ಇಬ್ಬರೂ ತಾತನಿಗಿಂತ ಮುಂಚೆ ಸತ್ತರು. ಕಡೇಲಿ ರಾಜ್ಯ ಹೋಗಿದ್ದು ಹೆಂಡತಿಯ ಮೊದಲನೇ ಗಂಡನ ಮಗನಿಗೆ."

"ಅಲ್ಲೂ ಇದ ಹಣೆಬರಹ" ಎಂದ ಗುರುಬಸಪ್ಪ. ಆಮೇಲೆ ಕುರ್ಚಿಯಲ್ಲಿ ಮುಂದಕ್ಕೆ ಸರಿದು, "ಅದೆಲ್ಲಾ ಇರ್ಲಿ ರಾಯರ. ಇದು ಅಸಲಿನೋ, ನಕಲಿನೋ? ನಕಲಿ ಇರಬೇಕಲ್ರಿ?" ಎಂದ.

ಮಧ್ವರಾಜ ಭೂತಗನ್ನಡಿ ಇಳಿಸಿ ಅವನ ಮುಖ ನೋಡಿದ. ಇಷ್ಟು ವರ್ಷ ನಾಣ್ಯ ತಂದವರೆಲ್ಲ ಅಸಲಿ ಎನ್ನಿಸಿಕೊಳ್ಳಲು ಬಂದವರು. ನಕಲಿ ಎನ್ನಿಸಿಕೊಳ್ಳಲು ಬಂದವನು ಇವನೊಬ್ಬನೇ ಇರಬೇಕು.

"ಇರಿ, ನೋಡೋಣ. ಎರಕದ್ದಾದ್ರೆ ಅಂಚಿನ ಸುತ್ತ ಕೂಡಿಸಿದ ಗೆರೆ ಇರತ್ತೆ, ಅರೆದು ತೆಗೆದಿದ್ರೂ ಗುರುತು ಉಳಿಯತ್ತೆ. ಇಲ್ಲಿ ಅದಿಲ್ಲ. ಅಕ್ಷರ ನೋಡಿ, ಬುಡ ಹೊರಗಡೆ ಎಳೆದ ಹಾಗಿದೆ. ಬಿಸಿ ಬೆಳ್ಳಿ ಮೇಲೆ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದ್ರೆ ಹೀಗಾಗೋದು. ಆಮೇಲೆ ಈ ಸೀಳು."

ಚಕ್ರವರ್ತಿಯ ಕೆನ್ನೆಯ ಮೇಲೆ ಅಡ್ಡಡ್ಡ ಒಂದು ಆಳದ ಗೀರು ಇತ್ತು. ಗುರುಬಸಪ್ಪ ಅದನ್ನು ಹುಟ್ಟಿದಾಗಿನಿಂದ ನೋಡಿದ್ದ. ಎರಡೂ ಬಿಲ್ಲೆಗಳಲ್ಲಿ ಅದು ಇತ್ತು.

"ಇದು ನಮ್ಮ ಕಡೆಯವರೇ ಆ ಕಾಲದಲ್ಲಿ ಉಳಿಯಿಂದ ಹೊಡೆದದ್ದು. ಯಾಕೆ ಅಂತ ಯಾರಿಗೂ ಖಚಿತ ಇಲ್ಲ. ಒಳಗೆ ಬೆಳ್ಳಿನಾ ಅಂತ ನೋಡಿದ್ರೋ, ಪರದೇಶಿ ರಾಜನ ಮುಖ ಬೇಡ ಅಂದ್ರೋ. ನಕಲಿ ಮಾಡಿದ್ರೆ ಸೀಳೂ ಅಚ್ಚಿನಲ್ಲಿ ಬರತ್ತೆ, ಆದ್ರೆ ತಳ ದುಂಡಗೆ, ಮೊಂಡಾಗಿ ಬರತ್ತೆ. ಇದು ಕತ್ತಿ ಹಾಗೆ ಇಳಿದಿದೆ. ಸಂದೇಹವೇ ಇಲ್ಲ ಸಾರ್. ಅಸಲಿ."

ಗುರುಬಸಪ್ಪ ಕುರ್ಚಿಗೆ ಒರಗಿ ತಿರುಗುವ ಫ್ಯಾನನ್ನು ನೋಡಿದ. ಭವಾನಿ ಹೇಳಿದ್ದೇ ನಿಜವಾಯಿತು. ಬೇಕೆಂದೇ ಮಾಡಿದ್ದಲ್ಲ ಎಂದು ಯಾರಿಗೆ ಹೇಳುವುದು? ಕಣ್ಣು ಮುಚ್ಚುವಾಗ ಕೇಳಿದ್ದು ಒಂದೇ ಒಂದು ವಸ್ತು. ಅದನ್ನೂ ತಪ್ಪಿಸಿ, ಅಕ್ಕಸಾಲಿಗನ ಎರಕವನ್ನು ಕೈಗೆ ತುರುಕಿ ಮಣ್ಣು ಎಳೆದು ಬಂದಿದ್ದ. ಇನ್ನು ಅಗೆದು ತೆಗೆಯಲು ಬರುವುದಿಲ್ಲ. ಈ ಹೊಲಸು ಬದುಕಿನಲ್ಲಿ ಒಂದು ಕೆಲಸವೂ ನೆಟ್ಟಗೆ ಆಗಲಿಲ್ಲವಲ್ಲ ಎಂದು ಅವನಿಗೆ ಅಳುವಷ್ಟು ದಣಿವಾಯಿತು.

ಎದುರಿಗೆ ಕೂತ ಮಧ್ವರಾಜ ಗಾಬರಿಯಾದದ್ದು ನೋಡಿ ಜಗದೇವಿಯೇ ಎರಡು ಬಿಲ್ಲೆಗಳ ಕತೆಯನ್ನು ಚುಟುಕಾಗಿ ಹೇಳಿದಳು. ಮಧ್ವರಾಜ ಲೊಚಗುಟ್ಟಿದ. ಮಾಡಲು ಬೇರೇನೂ ತೋಚದೆ ನಾಣ್ಯವನ್ನು ಮತ್ತೆ ಭೂತಗನ್ನಡಿಯ ಕೆಳಗೆ ಹಿಡಿದ.

"ಸೀಳಿನ ತಳದಲ್ಲಿ ಏನೋ ಕೆಂಪು ಕೂತಿದೆ" ಎಂದ. "ಬೆಳ್ಳೀಲಿ ತಾಮ್ರ ಇದ್ರೆ ಹೀಗೆ ತುಕ್ಕು ಬರೋದುಂಟು. ಇಲ್ಲಾಂದ್ರೆ... ಸಾರ್‌ದು ವ್ಯಾಪಾರ ಏನು?"

"ಬ್ಯಾಡಗಿ ಮೆಣಸಿನಕಾಯಿ" ಎಂದ ಗುರುಬಸಪ್ಪ, ಫ್ಯಾನಿನಿಂದ ಕಣ್ಣು ತೆಗೆಯದೆ.

"ಅದೇ ಮತ್ತೆ. ಮೆಣಸಿನಪುಡಿ."

ಅದೇನು ಆಶ್ಚರ್ಯದ ಮಾತಲ್ಲ. ಗುರುಬಸಪ್ಪನ ಅಂಗಿಯ ಹೊಲಿಗೆಯಲ್ಲಿ, ಉಗುರಿನ ಸಂದಿಯಲ್ಲಿ, ಮನೆಯ ದಿಂಬಿನಲ್ಲಿ ಕೂಡ ಮೆಣಸಿನ ಧೂಳಿತ್ತು. ಆದರೆ ಜಗದೇವಿ ಎದ್ದು ಮೇಜಿನ ಹತ್ತಿರ ಬಂದಳು.

"ಅದನ್ನ ತಗೀರಿ. ಕಾಗದದ ಮ್ಯಾಲೆ ಹಾಕ್ರಿ."

ಮಧ್ವರಾಜ ಬಿದಿರಿನ ಕಡ್ಡಿಯ ತುದಿಯಿಂದ ಸೀಳನ್ನು ಮೆಲ್ಲಗೆ ಕೆದಕಿದ. ಗಟ್ಟಿಯಾಗಿ ಒಣಗಿ ಕೂತಿದ್ದ ಕೆಂಪು ಒಂದು ಸಾಸಿವೆಯಷ್ಟು ಬಿಳಿ ಕಾಗದದ ಮೇಲೆ ಬಿತ್ತು. ಜಗದೇವಿ ಬೆರಳು ಒದ್ದೆ ಮಾಡಿ ಅದನ್ನು ಒತ್ತಿ ತೆಗೆದು ಮೂಸಿದಳು. ಆಮೇಲೆ ನಾಲಿಗೆಗೆ ಇಟ್ಟುಕೊಂಡಳು.

"ಅಯ್ಯೋ, ಏನಮ್ಮಾ!" ಎಂದ ಮಧ್ವರಾಜ.

"ಖಾರ ಇಲ್ಲ" ಎಂದಳು ಜಗದೇವಿ. ಬೆರಳನ್ನು ಗಂಡನ ಮೂಗಿಗೆ ಹಿಡಿದಳು. "ಮೂಸ್ರಿ. ಮೆಣಸಿನಕಾಯಿ ಏನಿದು? ಜೀವನ ಪೂರ್ತಿ ಅದನ್ನ ಮಾರೀರಿ, ಹೇಳ್ರಿ."

ಗುರುಬಸಪ್ಪ ಮೂಸಿದ. ಅರಿಸಿನದ ಹಳೆಯ ಮಂಕು ವಾಸನೆ. ಅವಳ ಬೆರಳಿನ ತುದಿ ಕೆಂಪಾಗಿತ್ತು.

"ಕುಂಕುಮ" ಎಂದ.

"ಕುಂಕುಮ. ನಿಮ್ಮವ್ವನ ಗುಂಡಗಡಿಗ್ಯಾಗ ಕುಂಕುಮ ಎಲ್ಲಿಂದ ಬರಬೇಕು? ಮಾವ ಹೋದ ಮ್ಯಾಲೆ ಅತ್ತಿ ಕುಂಕುಮ ಮುಟ್ಟಿದವರಲ್ಲ. ಅದರಾಗ ಇದ್ದದ್ದು ವಿಭೂತಿ. ನಮ್ಮ ಮದುವಿಗಿಂತ ಮೊದಲ ಹೋದ್ರಲ್ಲ ಮಾವ." ಜಗದೇವಿ ಬೆರಳಿನ ತುದಿಯ ಕೆಂಪು ನೋಡಿದಳು. "ಇದು ನನ್ನ ಭರಣ್ಯಾಗಿಂದು. ನನ್ನ ಬಿಲ್ಲೆ."

ಗುರುಬಸಪ್ಪ ನೆಟ್ಟಗೆ ಕೂತ. ಹಾಗಾದರೆ ಅವ್ವನ ಕೈಯಲ್ಲಿ ಇಟ್ಟದ್ದು ಅವ್ವನ ಗುಂಡಗಡಿಗೆಯದೇ. ಕಣ್ಣುಮುಚ್ಚಿ ಎತ್ತಿದರೂ ಸರಿಯಾದದ್ದೇ ಕೈಗೆ ಬಂದಿತ್ತು. ಎದೆಯ ಮೇಲಿನ ಚೀಲ ಇಳಿದಂತಾಗಿ ಅವನು ಹೆಂಡತಿಯ ಕಡೆ ನೋಡಿದ. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

"ಅತ್ತಿ ನನಗ ಅಸಲಿ ಕೊಟ್ಟಿದ್ರು" ಎಂದಳು. "ತಾವು ನಕಲಿ ಕಟಗೊಂಡು ಓಡಾಡಿದ್ರು."

"ಹೌದಲ್ಲ."

"ಬಾಯಿ ಬಿಟ್ಟು ಒಂದು ಮಾತು ಹೇಳಿದ್ರ ಏನ್ ಹೋಗ್ತಿತ್ತು ಆಕೀದು? ಪೋರೂರ ಆಸ್ಪತ್ರ್ಯಾಗ ಅವರ ಹೊಲಸು ಬಳಿಯುವಾಗೂ ನನಗ ನಕಲಿ ಕೊಟ್ಟ ಮುದುಕಿ ಅಂತನ ಬಳದೀನಿ. ನಾ ಅನ್ನೂದು ಅವರ ಕಿವಿಗೆ ಬೀಳ್ತಿದ್ದಿಲ್ಲೇನು? ಎಷ್ಟು ಸಲ ಅಂದೀನಿ! ಆವಾಗರ ಹೇಳಬೇಕಿಲ್ಲ, ಅಸಲಿ ನಿನ್ನ ಹಂತ್ಯಾಕ ಐತಿ ಹುಚ್ಚಿ ಅಂತ?"

ಅವಳು ಅಳಲಿಲ್ಲ. ಸಿಟ್ಟಿನಿಂದ ಬಿಲ್ಲೆಯನ್ನು ಎತ್ತಿ ಗಂಟು ಕಟ್ಟಿಕೊಂಡಳು. "ತಿಕ್ಕಬೇಡಿಮ್ಮಾ, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬೀಲಿ ಇಡಿ, ಗಾಳಿ ಆಡಬಾರ್ದು" ಎಂದು ಮಧ್ವರಾಜ ಹೇಳುತ್ತಲೇ ಇದ್ದ. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಕೆಳಗೆ ಬೀದಿಯ ಮೂಲೆಯಲ್ಲಿ ಕಾಫಿ ಹೋಟೆಲು. ಗುರುಬಸಪ್ಪ ಅಲ್ಲಿ ಕೂತು, ಕಾಫಿ ಆರಲು ಬಿಟ್ಟು, ತಂಗಿಗೆ ಫೋನು ಹಚ್ಚಿದ.

"ಹ್ಞೂಂ, ಏನಂದ ನಿನ್ನ ನಾಣ್ಯದ ಪಂಡಿತ?"

"ಅಸಲಿ ಅಂದ."

"ನಾ ಹೇಳಿದ್ನಿಲ್ಲ! ಊರ ಮಂದಿ ಮುಂದ ನನ್ನ—"

"ಬಾಯಿ ಮುಚಗೊಂಡು ಪೂರಾ ಕೇಳ್ತಿಯೇನು, ಇಡ್ಲೋ?" ಎಂದು ಗದರಿಸಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಗದರಿಸಿದ್ದಕ್ಕೇ ಅವನಿಗೆ ಉಸಿರು ಸಾಲದಂತಾಯಿತು. ದನಿ ಇಳಿಸಿ ಸೀಳು, ಕುಂಕುಮ, ಭರಣಿ ಎಲ್ಲವನ್ನೂ ಹೇಳಿದ.

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

"ಕೇಳಿಸ್ತೇನು? ಅವ್ವನ ಬಿಲ್ಲೆ ಅವ್ವನ ಕೈಯಾಗ ಐತಿ. ನಾ ಮೋಸ ಮಾಡಿಲ್ಲ."

"ಅವ್ವ ಅಷ್ಟು ವರ್ಷ ನಕಲಿ ಕಟಗೊಂಡಿದ್ಲಾ?"

"ಹೌದು."

"ಅಸಲಿ ಜಗದೇವಿ ವೈನಿಗೆ ಕೊಟ್ಲಾ?"

"ಹೌದು ಅಂದ್ನೆಲ್ಲ."

"ಹಂಗಾರ ಅಚ್ಚು ಇತ್ತು, ಬೆಳ್ಳಿ ಇತ್ತು, ಅಕ್ಕಸಾಲಿಗ ಇದ್ದ" ಎಂದಳು ಭವಾನಿ. ಅವಳ ದನಿ ಒಡೆಯಿತು. "ಮೂರನೇದ್ದೊಂದು ಹೊಯ್ಯಸಾಕ ಏನಾಗಿತ್ತೋ ಅಣ್ಣಾ ಆಕಿಗೆ? ನನಗ ನಕಲಿನೂ ಇಲ್ಲ."

ವರ್ಷವೆಲ್ಲ ಕಿತ್ತಾಡಿದ್ದು ಇದಕ್ಕೆ ಎಂದು ಗುರುಬಸಪ್ಪನಿಗೆ ಹೊಳೆದೇ ಇರಲಿಲ್ಲ. ಜಗದೇವಿ ಕೈಚಾಚಿ ಫೋನನ್ನು ಕಿತ್ತುಕೊಂಡಳು.

"ಭವಾನಿ, ನಾನು. ಹ್ಞೂಂ... ನನಗೂ ಹೇಳಿಲ್ಲವ್ವಾ. ನಿಮ್ಮವ್ವನ ಬಾಯಿಗೆ ಬೀಗ. ಸ್ಮರಣಿಗೆ ಬಾ. ಬಂದು ಕೈಯಾಗ ಹಿಡಕೊಂಡು ನೋಡು... ಇಲ್ಲ, ಕೊಡೂದಿಲ್ಲ. ಈಗರ ಸಿಕ್ಕೈತಿ ನನಗ. ಹಿಡಕೊಂಡು ನೋಡು, ಇದ್ದಷ್ಟು ದಿನ ನಿನ್ನ ದಿಂಬಿನ ಬುಡಕ ಇಟಗೋ, ಹೋಗುವಾಗ ಕೊಟ್ಟು ಹೋಗು... ಆತು, ಸಿಟ್ಟಾಗು. ಸಿಟ್ಟಾಗಿನ ಬಾ."

ಫೋನು ಗಂಡನ ಕಡೆ ತಳ್ಳಿ, "ಬರ್ತಾಳಂತ" ಎಂದಳು. "ಸ್ಟೇಷನ್ನಿಗೆ ನೀವ ಹೋಗ್ರಿ. ಗಾಡಿ ಇಳಿಯೂಮಟ ಆದ್ರೂ ಜಗಳಾ ತಗೀಬ್ಯಾಡ್ರಿ."

"ತಗಿಯಾಕ ಶಕ್ತಿ ಎಲ್ಲೈತಿ?" ಎಂದ ಗುರುಬಸಪ್ಪ. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಬೆರಳಿನಿಂದ ಅದನ್ನು ಸರಿಸಿ ಕುಡಿದ.

ವಾಪಸು ಬರುವಾಗ ಆಟೋದವನ ಜೊತೆ ಜಗಳವಾಗಲಿಲ್ಲ. ರಸ್ತೆ ಅಗೆದಲ್ಲಿ ಗಾಡಿ ನಿಂತಾಗ ಜಗದೇವಿ ಗಂಟು ಬಿಚ್ಚಿ ಬಿಲ್ಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಎಲೆಯ ದಂಡೆಯ ಮುಖ, ಕೆನ್ನೆಯ ಮೇಲೆ ಸೀಳು. ಹಿಂದೆ ತಿರುವಿ ಇಬ್ಬರು ಮೊಮ್ಮಕ್ಕಳನ್ನು ನೋಡಿದಳು, ಸೌಟು ಹುಡುಕಿದಳು.

"ಡಬ್ಯಾಗ ಇಡು ಅಂದಾನ ಆತ" ಎಂದ ಗುರುಬಸಪ್ಪ.

"ಭರಣ್ಯಾಗ ಇಡ್ತೀನಿ" ಎಂದಳು. ಮತ್ತೆ ಗಂಟು ಕಟ್ಟುತ್ತ ಅಂದಳು, "ಮುತ್ಯಾ ಅಲ್ಲ, ಯಾವುದೋ ಊರ ರಾಜಾ ಅಂತ ಭವಾನಿ ಮುಂದ ಈಗ ಹೇಳಬ್ಯಾಡ್ರಿ. ಒಂದ ದಿನಕ್ಕ ಇಷ್ಟು ಸಾಕು."

ಗುರುಬಸಪ್ಪ ತಲೆಯಾಡಿಸಿ ಕಣ್ಣು ಮುಚ್ಚಿದ. ಪೆರಂಬೂರು ಇನ್ನೂ ದೂರವಿತ್ತು.